ಹೋಸ್ಟೆಡ್ ಅಂಗಡಿನಾ, ನಾವೇ ನೋಡ್ಕೊಳ್ಳೋ ಸೈಟಾ? ಮಲೆನಾಡಿಂದ ಆನ್‌ಲೈನ್ ಮಾರೋರು ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರ, ಹೊಸನಗರ, ತೀರ್ಥಹಳ್ಳಿ, ಸೊರಬ ಕಡೆ ಮನೇಲೇ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿಬೆಲ್ಲ, ಜೇನುತುಪ್ಪ ಮಾಡಿ ಮಾರೋರು, ಶಿವಮೊಗ್ಗ ಪೇಟೇಲಿ ಅಂಗಡಿ ಇಟ್ಕೊಂಡು ಈಗ ಆನ್‌ಲೈನೂ ಶುರು ಮಾಡೋಣ ಅಂತಿರೋರು, ಎಲ್ರೂ ಕೇಳೋದು ಹೆಚ್ಚುಕಮ್ಮಿ ಇದನ್ನೇ. ಅದಕ್ಕೆ ಒಂದ್ಕಡೆ ಬರೆದಿಟ್ಟಿದೀನಿ. ಪ್ಲಾನ್‌ಗಳ ರೇಟು ಆಗಾಗ ಬದಲಾಗ್ತಾ ಇರತ್ತೆ, ದುಡ್ಡು ಕಟ್ಟೋ ಮುಂಚೆ ಆಯಾ ಕಂಪನಿ ಸೈಟಲ್ಲೇ ಒಂದ್ಸಲ ನೋಡ್ಕೊಂಡ್ಬಿಡಿ.

ಹೋಸ್ಟೆಡ್ ಅಂದ್ರೆ ಎಂತದು, ಸೆಲ್ಫ್ ಮ್ಯಾನೇಜ್ಡ್ ಅಂದ್ರೆ ಎಂತದು?

ಹೋಸ್ಟೆಡ್ ಅಂದ್ರೆ ಶಾಪಿಫೈ, ದುಕಾನ್, ಝೋಹೋ ಕಾಮರ್ಸ್ ಥರದ್ದು. ತಿಂಗಳಿಗೋ ವರ್ಷಕ್ಕೋ ಇಷ್ಟು ಅಂತ ಕಟ್ತೀರಿ, ಸರ್ವರ್ರು, ಸಾಫ್ಟ್‌ವೇರು, ಸೆಕ್ಯುರಿಟಿ, ಅಪ್‌ಡೇಟು ಎಲ್ಲಾ ಅವರ ತಲೆನೋವು, ನೀವು ಫೋಟೋ ಹಾಕಿ ರೇಟು ಬರೆದು ಆರ್ಡರ್ ನೋಡ್ಕೊಳ್ಳೋದಷ್ಟೇ. ಸೆಲ್ಫ್ ಮ್ಯಾನೇಜ್ಡ್ ಅಂದ್ರೆ ವರ್ಡ್‌ಪ್ರೆಸ್ ಮೇಲೆ ಓಡೋ ವೂಕಾಮರ್ಸ್, ಇಲ್ಲಾ ಓಪನ್‌ಕಾರ್ಟ್, ಪ್ರೆಸ್ಟಾಶಾಪ್, ಮಜೆಂಟೋ. ಸಾಫ್ಟ್‌ವೇರಿಗೆ ದುಡ್ಡಿಲ್ಲ, ಆದ್ರೆ ಹೋಸ್ಟಿಂಗ್ (ಸೈಟ್ ಇಡೋಕೆ ಸರ್ವರಲ್ಲಿ ಬಾಡಿಗೆ ಜಾಗ) ತಗೊಂಡು ಇನ್‌ಸ್ಟಾಲ್ ಮಾಡಿ ಕಾಲಕಾಲಕ್ಕೆ ಅಪ್‌ಡೇಟ್ ಮಾಡಿ ಬ್ಯಾಕಪ್ ತೆಗೆದಿಟ್ಟು ಕೆಟ್ಟಾಗ ರಿಪೇರಿ ಮಾಡೋದು ನಿಮ್ಮದೇ ಜವಾಬ್ದಾರಿ.

ಅಮೆಜಾನ್, ಫ್ಲಿಪ್‌ಕಾರ್ಟ್ ಅಂದ್ರೆ ಹೋಸ್ಟೆಡ್ಡೂ ಅಲ್ಲ, ಸೆಲ್ಫ್ ಮ್ಯಾನೇಜ್ಡೂ ಅಲ್ಲ. ಅದು ಬೇರೆಯವರ ಸಂತೆ, ಅಲ್ಲಿ ಗಿರಾಕಿ ನಿಮ್ಮವನಾಗಲ್ಲ, ಅವನ ಫೋನ್ ನಂಬರ್ ಸಹ ನಿಮಗೆ ಸರಿಯಾಗಿ ಸಿಗಲ್ಲ.

ಸ್ವಂತದ್ದು ಅಂದ್ರೆ ಸರ್ವರ್ ನಮ್ಮನೇಲಿ ಇಡ್ಬೇಕಾ? ಮಳೆಗಾಲ ಬಂದ್ರೆ ನಮ್ಮಲ್ಲಿ ವಾರಗಟ್ಲೆ ಕರೆಂಟೇ ಇರಲ್ಲ.

ಬೇಡವೇ ಬೇಡ. ಹೋಸ್ಟಿಂಗ್ ಕಂಪನಿಯ ಸರ್ವರ್ ಮುಂಬೈಲೋ ಬೆಂಗಳೂರಲ್ಲೋ ಡೇಟಾ ಸೆಂಟರಲ್ಲಿ ಇರತ್ತೆ. ಆಗುಂಬೆ ಘಾಟಿ ಮೇಲೆ ಮರ ಬಿದ್ದು ಲೈನ್ ಹೋದ್ರೂ ನಿಮ್ಮ ಅಂಗಡಿ ಓಪನ್ನೇ ಇರತ್ತೆ, ಬೆಂಗಳೂರಿನವರು ಆರ್ಡರ್ ಹಾಕ್ತಾನೇ ಇರ್ತಾರೆ.

ಆದ್ರೆ ಈ ಪ್ರಶ್ನೆ ಕೇಳಿದ್ದು ಒಳ್ಳೇದೇ ಆಯ್ತು, ಯಾಕಂದ್ರೆ ಮಳೆಗಾಲದ ವಿಚಾರ ಬೇರೆ ರೀತೀಲಿ ತುಂಬಾ ಮುಖ್ಯ. ಜುಲೈ ತಿಂಗಳಲ್ಲಿ ನಿಟ್ಟೂರಲ್ಲೋ ತುಮರೀಲೋ ನಿಮ್ಮನೇಲಿ ನೆಟ್ಟಿಲ್ಲ, ಅದೇ ಹೊತ್ತಿಗೆ ಸೈಟ್ ಬಿತ್ತು, ಬಿಳೀ ಪರದೆ ಮೇಲೆ ಎಂತದೋ ಎರರ್ ಬರ್ತಿದೆ ಅಂತ ಗಿರಾಕಿ ಫೋನ್ ಮಾಡಿದ್ರು ಅಂತ ಇಟ್ಕೊಳ್ಳಿ. ಹೋಸ್ಟೆಡ್ ಆದ್ರೆ ಅದನ್ನ ಸರಿ ಮಾಡೋಕೆ ಅವರ ಜನ ಹಗಲೂ ರಾತ್ರಿ ಕೂತಿರ್ತಾರೆ, ನೀವು ಗುಡ್ಡ ಹತ್ತಿ ಸಿಗ್ನಲ್ ಹುಡುಕ್ಬೇಕಾಗಿಲ್ಲ. ಸ್ವಂತದ್ದಾದ್ರೆ ಯಾರೋ ಒಬ್ರು ಲಾಗಿನ್ ಆಗಿ ನೋಡ್ಲೇಬೇಕು, ನೀವೋ ನಿಮ್ಮವರೋ.

ಸುತ್ತಿ ಬಳಸಿ ಬೇಡ, ನೇರ ಹೇಳಿ, ಯಾವುದು ತಗೊಳ್ಳೋದು?

ಒಂದೇ ಪ್ರಶ್ನೆ ಕೇಳ್ಕೊಳ್ಳಿ. ಸೈಟ್ ಕೆಟ್ಟ ದಿನ ಅದನ್ನ ನೋಡೋರು ಯಾರು? ಅವರ ಹೆಸರು ಹೇಳಕ್ಕಾಗತ್ತಾ? ಹೆಸರು ತಕ್ಷಣ ಬಾಯಿಗೆ ಬಂದ್ರೆ, ಅವರು ಇನ್ನು ಎರಡು ವರ್ಷ ಆದ್ಮೇಲೂ ಫೋನ್ ಎತ್ತುತಾರೆ ಅನ್ನೋ ನಂಬಿಕೆ ಇದ್ರೆ, ಅವರಿಗೆ ದುಡ್ಡು ಕೊಡೋಕೆ ನೀವು ರೆಡಿ ಇದ್ರೆ, ವೂಕಾಮರ್ಸ್ ಮಾಡಿ, ಚೆನ್ನಾಗಿರತ್ತೆ. ಹೆಸರು ಬರ್ಲಿಲ್ಲ ಅಂದ್ರೆ ಹೋಸ್ಟೆಡ್ ತಗೊಳ್ಳಿ. ಫೀಚರ್ ಪಟ್ಟಿ, ಥೀಮು (ಸೈಟಿನ ವಿನ್ಯಾಸ), ಯೂಟ್ಯೂಬ್ ರಿವ್ಯೂ ಎಲ್ಲಾ ಆಮೇಲೆ.

ಇಲ್ಲಿ ನಾನು ಹೆಚ್ಚು ಕೇಳೋ ಉತ್ತರ "ಅಣ್ಣನ ಮಗ ಬೆಂಗಳೂರಲ್ಲಿ ಸಾಫ್ಟ್‌ವೇರಲ್ಲಿದಾನೆ, ಅವ್ನು ಮಾಡ್ಕೊಡ್ತಾನೆ". ಮಾಡ್ಕೊಡ್ತಾನೆ, ಅನುಮಾನ ಇಲ್ಲ, ಎರಡು ವೀಕೆಂಡಲ್ಲಿ ಚಂದದ ಸೈಟ್ ಮಾಡ್ಕೊಡ್ತಾನೆ. ಆಮೇಲೆ ಅವನಿಗೆ ಪ್ರಾಜೆಕ್ಟ್ ಡೆಡ್‌ಲೈನು, ಮದುವೆ, ಅಮೆರಿಕ. ಹುಡುಗನ ತಪ್ಪೇನೂ ಇಲ್ಲ. ಪುಕ್ಕಟೆ ಕೆಲಸಕ್ಕೆ ಹೊತ್ತಿಗೆ ಸರಿಯಾಗಿ ಬಾ ಅಂತ ಯಾರಿಗೂ ಹೇಳಕ್ಕಾಗಲ್ಲ. ಮಾಡೋರು ಒಬ್ರು, ನೋಡ್ಕೊಳ್ಳೋರು ಇನ್ನೊಬ್ರು ಅಂತ ಮೊದಲೇ ತಿಳ್ಕೊಂಡು ಲೆಕ್ಕ ಹಾಕಿ.

ವಾಟ್ಸಾಪಲ್ಲೇ ಆರ್ಡರ್ ಬರ್ತಿದೆ, ಸೈಟ್ ಯಾಕೆ ಬೇಕು?

ಎಷ್ಟೋ ಜನಕ್ಕೆ ಬೇಡ, ನಿಜವಾಗ್ಲೂ. ವಾಟ್ಸಾಪ್ ಬಿಸಿನೆಸ್ ಆ್ಯಪ್ ಪುಕ್ಕಟೆ, ಅದರ ಕ್ಯಾಟಲಾಗಲ್ಲಿ 500 ಐಟಂ ತನಕ ಹಾಕ್ಬೋದು, ನಾಲ್ಕು ಥರ ಉಪ್ಪಿನಕಾಯಿ ಮಾರೋರಿಗೆ ಅದು ಧಾರಾಳ. ವಿಳಾಸ ಬರ್ಕೊಳ್ಳೋದು, ದುಡ್ಡು ಬಂತಾ ನೋಡೋದು, ಪಾರ್ಸೆಲ್ ನಂಬರ್ ಕಳ್ಸೋದು, ಇದರಲ್ಲೇ ರಾತ್ರಿ ಹನ್ನೊಂದಾಗ್ತಿದೆ, ಯಾರದ್ದೋ ಆರ್ಡರ್ ಮರ್ತೋಗ್ತಿದೆ ಅನ್ನೋ ಹಂತ ಬಂದ್ರೆ ಆಗ ಸೈಟ್ ಮಾಡಿ. ಅದಕ್ಕೂ ಮುಂಚೆ ಮಾಡಿದ್ರೆ ಖಾಲಿ ಅಂಗಡಿಗೆ ತಿಂಗಳ ದುಡ್ಡು ಕಟ್ತಾ ಕೂರ್ತೀರಿ.

ಖರ್ಚಿನ ಲೆಕ್ಕ ಸರಿಯಾಗಿ ಹೇಳ್ತೀರಾ?

ಒಂದು ಉದಾಹರಣೆ ಹಾಕೋಣ. ತಿಂಗಳಿಗೆ 50 ಆರ್ಡರ್, ಒಂದೊಂದು ಸರಾಸರಿ 700 ರೂಪಾಯಿ, ಒಟ್ಟು 35,000. ಎಲ್ಲಾ ಆನ್‌ಲೈನ್ ಪೇಮೆಂಟ್ ಅಂತಾನೇ ಇಟ್ಕೊಳ್ಳಿ.

ಪೇಮೆಂಟ್ ಗೇಟ್‌ವೇ, ಅಂದ್ರೆ ಗಿರಾಕಿಯ ದುಡ್ಡು ತಗೊಂಡು ನಿಮ್ಮ ಖಾತೆಗೆ ಹಾಕೋ ಕಂಪನಿ, ಅದರ ಖರ್ಚು ಎರಡೂ ಕಡೆ ಇರತ್ತೆ. ರೇಜರ್‌ಪೇ ಥರದವರ ಸಾಮಾನ್ಯ ದರ 2%, ಆ ಫೀ ಮೇಲೆ 18% ಜಿಎಸ್‌ಟಿ, ಅಂದ್ರೆ ಒಟ್ಟು 2.36%. ನಮ್ಮ ಲೆಕ್ಕಕ್ಕೆ 826 ರೂಪಾಯಿ.

ಈಗ ಶಾಪಿಫೈ. ತಿಂಗಳ ಬಾಡಿಗೆ ಬೇಸಿಕ್ ಪ್ಲಾನಿಗೆ ಒಂದೂವರೆ ಎರಡು ಸಾವಿರದ ಆಸುಪಾಸು. ಅದು ಎಲ್ರಿಗೂ ಗೊತ್ತು. ಗೊತ್ತಿಲ್ಲದೇ ಇರೋದು ಇದು: ಶಾಪಿಫೈದೇ ಸ್ವಂತ ಪೇಮೆಂಟ್ ವ್ಯವಸ್ಥೆ ಇಂಡಿಯಾದಲ್ಲಿ ಇಲ್ಲ, ಹಾಗಾಗಿ ಹೊರಗಿನ ಗೇಟ್‌ವೇ ಹಾಕ್ಕೊಳ್ಳೇಬೇಕು, ಹಾಕ್ಕೊಂಡ್ರೆ ಅವರು ಪ್ರತಿ ಆರ್ಡರ್ ಮೇಲೆ ಬೇಸಿಕ್ ಪ್ಲಾನಲ್ಲಿ ಇನ್ನೂ 2% ತಗೋತಾರೆ, ಗೇಟ್‌ವೇ ಫೀ ಬೇರೆ ಇದು ಬೇರೆ. ನಮ್ಮ ಲೆಕ್ಕಕ್ಕೆ 700 ರೂಪಾಯಿ. ಕ್ಯಾಶ್ ಆನ್ ಡೆಲಿವರಿ ಆರ್ಡರಿಗೆ ಈ 2% ಇಲ್ಲ. ಒಟ್ಟು ಮೂರರಿಂದ ಮೂರೂವರೆ ಸಾವಿರ ಆಯ್ತು.

ವೂಕಾಮರ್ಸಲ್ಲಿ ಗೇಟ್‌ವೇ ಅದೇ 826, ಸಾಧಾರಣ ಹೋಸ್ಟಿಂಗು ತಿಂಗಳಿಗೆ ಮುನ್ನೂರೋ ಐನೂರೋ, ಡೊಮೈನ್ (ಸೈಟಿನ ವಿಳಾಸದ ಹೆಸರು) ವರ್ಷಕ್ಕೆ ಸಾವಿರದ ಒಳಗೆ ಹೊರಗೆ. ಇಷ್ಟೇ ನೋಡಿದ್ರೆ ಅರ್ಧಕ್ಕರ್ಧ ಅಗ್ಗ. ಆದ್ರೆ ನೋಡ್ಕೊಳ್ಳೋ ಮನುಷ್ಯನಿಗೆ ತಿಂಗಳಿಗೆ ಎರಡು ಸಾವಿರ ಕೊಡ್ತೀರಿ ಅಂತ ಸೇರಿಸಿ ನೋಡಿ, ಎರಡೂ ಹತ್ರಹತ್ರ ಬಂದು ನಿಲ್ತಾವೆ. ಸಣ್ಣ ವ್ಯಾಪಾರದಲ್ಲಿ ದುಡ್ಡು ಉಳಿಸೋಕೆ ಅಂತಾನೇ ಸ್ವಂತ ಸೈಟ್ ಮಾಡೋದ್ರಲ್ಲಿ ಅರ್ಥ ಇಲ್ಲ ಅಂತ ನಾನು ಹೇಳೋದು ಇದಕ್ಕೇ.

ವ್ಯಾಪಾರ ದೊಡ್ಡದಾದ್ರೆ ಲೆಕ್ಕ ತಿರುಗತ್ತೆ. 300 ಆರ್ಡರ್ ಆದ್ರೆ ವಹಿವಾಟು 2,10,000, ಆಗ ಆ ಹೆಚ್ಚುವರಿ 2% ಅಂದ್ರೇನೇ 4,200 ರೂಪಾಯಿ ತಿಂಗಳಿಗೆ. ಮೇಲಿನ ಪ್ಲಾನಲ್ಲಿ ಶೇಕಡಾ ಕಮ್ಮಿ ಆಗತ್ತೆ, ಬಾಡಿಗೆ ಮಾತ್ರ ಜೋರಾಗಿ ಏರತ್ತೆ. ಆ ಹಂತಕ್ಕೆ ಬಂದೋರು ಸ್ವಂತ ಸೈಟಿನ ಬಗ್ಗೆ ಯೋಚ್ನೆ ಮಾಡ್ಲೇಬೇಕು, ಆಗ ಒಬ್ಬ ಮನುಷ್ಯನಿಗೆ ಕೊಡೋಕೂ ದುಡ್ಡು ಇರತ್ತೆ.

ವೂಕಾಮರ್ಸ್ ಫ್ರೀ ಅಂತ ಎಲ್ರೂ ಹೇಳ್ತಾರಲ್ಲ?

ಸಾಫ್ಟ್‌ವೇರ್ ಪೂರ್ತಿ ಫ್ರೀನೇ. ಸುತ್ತಲಿನ ಸಾಮಾನಿಗೆ ದುಡ್ಡು. ಕೊರಿಯರ್ ರೇಟಿಗೊಂದು, ಇನ್‌ವಾಯ್ಸಿಗೊಂದು, ಸಬ್‌ಸ್ಕ್ರಿಪ್ಷನ್ ಆರ್ಡರಿಗೊಂದು ಪ್ಲಗಿನ್ (ಸೈಟಿಗೆ ಸೇರಿಸೋ ಸಣ್ಣ ಸಾಫ್ಟ್‌ವೇರ್), ಕೆಲವಕ್ಕೆ ಪ್ರತಿ ವರ್ಷ ರಿನೀವಲ್. ಹೋಸ್ಟಿಂಗ್ ಕಂಪನಿಗಳ ಮೊದಲ ವರ್ಷದ ಆಫರ್ ನೋಡಿ ಮರುಳಾಗ್ಬೇಡಿ, ರಿನೀವಲ್ ರೇಟು ಎಷ್ಟು ಅಂತ ಸಣ್ಣ ಅಕ್ಷರದಲ್ಲಿ ಬರೆದಿರತ್ತೆ, ಅದೇ ನಿಜವಾದ ರೇಟು. ಹಾಗಂತ ಹೋಸ್ಟೆಡಲ್ಲಿ ಈ ಕಾಟ ಇಲ್ಲ ಅಂತಲ್ಲ, ಶಾಪಿಫೈ ಆ್ಯಪ್‌ಗಳೂ ತಿಂಗಳಿಗೆ ಐದು ಡಾಲರ್ ಹತ್ತು ಡಾಲರ್ ಅಂತ ಸೇರ್ತಾ ಸೇರ್ತಾ ಬಾಡಿಗೆಯನ್ನೇ ಮೀರ್ತಾವೆ. ಒಂದೊಂದು ಆ್ಯಪ್ ಹಾಕೋವಾಗ್ಲೂ ಇದಿಲ್ಲದೆ ಮಾರಾಟ ನಿಲ್ಲತ್ತಾ ಅಂತ ಕೇಳ್ಕೊಳ್ಳಿ.

ಯುಪಿಐಗೆ ಚಾರ್ಜ್ ಇಲ್ಲ ಅಲ್ವಾ? ಕ್ಯೂಆರ್ ಕೋಡ್ ಹಾಕಿಬಿಟ್ರೆ ಆಗಲ್ವಾ?

2020ರ ಜನವರಿಯಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿಗೆ ಎಂಡಿಆರ್ (ಪೇಮೆಂಟ್ ಮೇಲೆ ವ್ಯಾಪಾರಿಯಿಂದ ಬ್ಯಾಂಕು ಹಿಡಿಯೋ ಫೀ) ಸೊನ್ನೆ. ಆದ್ರೂ ಗೇಟ್‌ವೇ ಮೂಲಕ ಬಂದ್ರೆ ಗೇಟ್‌ವೇಯವರು ತಮ್ಮ ಪ್ಲಾಟ್‌ಫಾರ್ಮ್ ಫೀ ಅಂತ ಹಾಕ್ಬೋದು, ನಿಮ್ಮ ಪ್ಲಾನಲ್ಲಿ ಯುಪಿಐಗೆ ಎಷ್ಟು ಅಂತ ಸೈನ್ ಅಪ್ ಆಗೋ ಮುಂಚೆನೇ ಕೇಳಿ. ಸೈಟಲ್ಲಿ ನಿಮ್ಮ ಕ್ಯೂಆರ್ ಹಾಕಿ ಗಿರಾಕಿ ಸ್ಕ್ರೀನ್‌ಶಾಟ್ ಕಳ್ಸೋ ಪದ್ಧತಿಗೆ ಫೀ ಇಲ್ಲ, ಆದ್ರೆ ಸುಳ್ಳು ಸ್ಕ್ರೀನ್‌ಶಾಟ್ ಮಾಡೋದು ಈಗ ಮಕ್ಕಳಾಟ ಆಗಿದೆ. ಬ್ಯಾಂಕ್ ಖಾತೆಗೆ ದುಡ್ಡು ಬಂದಿದ್ದು ಕಣ್ಣಾರೆ ನೋಡದೆ ಪಾರ್ಸೆಲ್ ಕಟ್ಬೇಡಿ. ದಿನಕ್ಕೆ ಐದಾರು ಆರ್ಡರ್ ದಾಟಿದ್ಮೇಲೆ ಗೇಟ್‌ವೇನೇ ನೆಮ್ಮದಿ.

ಗೇಟ್‌ವೇ ಅಕೌಂಟ್ ಕೊಡೋ ಮುಂಚೆ ಅವರು ನಿಮ್ಮ ಸೈಟ್ ನೋಡ್ತಾರೆ. ಸಂಪರ್ಕ ವಿಳಾಸ, ರಿಫಂಡ್ ನಿಯಮ, ಪ್ರೈವೆಸಿ ಪಾಲಿಸಿ, ಶಿಪ್ಪಿಂಗ್ ನಿಯಮ ಇಷ್ಟೂ ಪುಟ ಇರ್ಬೇಕು. ಅದನ್ನ ಮೊದ್ಲೇ ಬರೆದಿಟ್ಕೊಂಡ್ರೆ ಸುಮ್ನೆ ಅಲೆದಾಟ ತಪ್ಪತ್ತೆ.

ಅಪ್‌ಡೇಟ್ ಅಪ್‌ಡೇಟ್ ಅಂತ ಯಾಕೆ ಇಷ್ಟು ಹೆದರಿಸ್ತಾರೆ? ಓಡ್ತಿರೋ ಸೈಟ್ ಮುಟ್ದೇ ಇದ್ರೆ ಆಗಲ್ವಾ?

ಅಡಿಕೆ ಬೆಳೆಯೋರಿಗೆ ಇದನ್ನ ಹೇಳೋದು ಸುಲಭ. ಕೊಳೆರೋಗ ಬಂದ್ಮೇಲೆ ಬೋರ್ಡೋ ಹೊಡೆದ್ರೆ ಉದುರಿದ ಕಾಯಿ ವಾಪಸ್ ಬರಲ್ಲ, ಮಳೆ ಹಿಡಿಯೋ ಮುಂಚೆನೇ ಒಂದು ಸುತ್ತು ಆಗ್ಬೇಕು, ಆಮೇಲೆ ಹೊಳವು ಸಿಕ್ಕಾಗ ಇನ್ನೊಂದು. ಸೈಟ್ ಅಪ್‌ಡೇಟೂ ಹಂಗೇ, ಹೊತ್ತು ತಪ್ಪಿದ್ರೆ ಆಮೇಲೆ ಮಾಡಿದ್ದು ಪ್ರಯೋಜನಕ್ಕೆ ಬರಲ್ಲ.

2021ರ ಜುಲೈಯಲ್ಲಿ ವೂಕಾಮರ್ಸಲ್ಲೇ ಒಂದು ಗಂಭೀರ ಸೆಕ್ಯುರಿಟಿ ತೂತು ಸಿಕ್ತು, ಡೇಟಾಬೇಸಿಗೆ ಕೈ ಹಾಕೋ ಥರದ್ದು, ಎಷ್ಟು ಗಂಭೀರ ಅಂದ್ರೆ ಅವರು ಸೈಟ್‌ಗಳಿಗೆ ತಾವಾಗಿಯೇ ಅಪ್‌ಡೇಟ್ ತಳ್ಳಿದ್ರು. ಅದು ಮುಖ್ಯ ಪ್ಲಗಿನ್, ದೊಡ್ಡ ತಂಡ ಇದೆ, ಬೇಗ ಸರಿ ಮಾಡಿದ್ರು. ಯಾರೋ ಒಬ್ರು ಬರೆದು ಬಿಟ್ಟುಬಿಟ್ಟ ಸಣ್ಣ ಪ್ಲಗಿನ್ ಇರತ್ತಲ್ಲ, ಅದರಲ್ಲಿ ತೂತು ಇದ್ರೆ ಕೇಳೋರೇ ಇಲ್ಲ. ವರ್ಡ್‌ಪ್ರೆಸ್ ಸೈಟ್‌ಗಳು ಹ್ಯಾಕ್ ಆಗೋದು ಹೆಚ್ಚಾಗಿ ಇಂಥಾ ಹಳೇ ಪ್ಲಗಿನ್ ಮತ್ತೆ ಸುಲಭದ ಪಾಸ್‌ವರ್ಡ್‌ನಿಂದ.

ಹಾಗಾಗಿ ಸ್ವಂತ ಸೈಟ್ ಇಟ್ಕೊಂಡೋರು ಪ್ಲಗಿನ್ ಕಮ್ಮಿ ಇಡಿ, ವಾರಕ್ಕೊಮ್ಮೆ ಅಪ್‌ಡೇಟ್ ನೋಡಿ, ಅಪ್‌ಡೇಟಿಗೆ ಮುಂಚೆ ಬ್ಯಾಕಪ್ ತೆಗೀರಿ, ಆ ಬ್ಯಾಕಪ್ ಅದೇ ಸರ್ವರಲ್ಲಿ ಇಡ್ಬೇಡಿ. ವರ್ಷಕ್ಕೆ ಒಂದ್ಸಲನಾದ್ರೂ ಬ್ಯಾಕಪ್‌ನಿಂದ ಸೈಟನ್ನ ಬೇರೆ ಜಾಗದಲ್ಲಿ ಎಬ್ಬಿಸಿ ನೋಡಿ, ತೆರೆಯದೇ ಇರೋ ಬ್ಯಾಕಪ್ ಇದ್ದೂ ಇಲ್ಲದ ಹಾಗೆ. ಇಷ್ಟು ಓದೋದ್ರಲ್ಲೇ ಸುಸ್ತಾಯ್ತು ಅಂದ್ರೆ ಹೋಸ್ಟೆಡ್ ತಗೊಳ್ಳಿ, ಅದರಲ್ಲಿ ಸಣ್ಣತನ ಏನೂ ಇಲ್ಲ.

ಗಿರಾಕಿಗಳ ಕಾರ್ಡ್ ನಂಬರ್ ನಮ್ಮ ಸೈಟಲ್ಲಿ ಉಳಿದು ಕಳುವಾದ್ರೆ?

ಉಳೀಬಾರದು, ಉಳಿಸೋಕೂ ಅವಕಾಶ ಇಲ್ಲ. ರಿಸರ್ವ್ ಬ್ಯಾಂಕಿನ ಟೋಕನೈಸೇಶನ್ ನಿಯಮ 2022ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ, ಅಂಗಡಿಯವರು ಕಾರ್ಡ್ ನಂಬರ್ ಇಟ್ಕೊಳ್ಳೋ ಹಾಗಿಲ್ಲ. ಸ್ವಂತ ಸೈಟಲ್ಲೂ ಪೇಮೆಂಟ್ ಹೊತ್ತಿಗೆ ಗೇಟ್‌ವೇಯ ಪುಟ ಅಥವಾ ಪೆಟ್ಟಿಗೆ ತೆರೆಯೋ ಹಾಗೆ ಮಾಡಿಸಿ. ಆದ್ರೆ ಹೆಸರು, ವಿಳಾಸ, ಫೋನ್ ನಂಬರ್ ನಿಮ್ಮ ಹತ್ರ ಇರತ್ತೆ, ಅದೂ ಜನರ ಆಸ್ತಿನೇ. 2023ರ ಡೇಟಾ ಸಂರಕ್ಷಣಾ ಕಾಯ್ದೆ ಸಣ್ಣ ಅಂಗಡಿಗೆ ಅನ್ವಯ ಆಗಲ್ಲ ಅಂತ ಭಾವಿಸ್ಕೊಳ್ಬೇಡಿ.

ಹೋಸ್ಟೆಡ್ ಕಂಪನಿ ಬಾಗಿಲು ಹಾಕಿದ್ರೆ ನಮ್ಮ ಗತಿ?

ಹಂಗೆ ಆಗಿದ್ದು ಉಂಟು. ಮಜೆಂಟೋ ಗೋ ಅಂತ ಹೋಸ್ಟೆಡ್ ಸೇವೆ ಇತ್ತು, 2015ರ ಫೆಬ್ರವರಿಯಲ್ಲಿ ನಿಲ್ಲಿಸಿದ್ರು. ಅಮೆಜಾನ್ ವೆಬ್‌ಸ್ಟೋರ್ 2016ರಲ್ಲಿ ಮುಚ್ತು. ಇವೆಲ್ಲ ದೊಡ್ಡ ಕಂಪನಿಗಳೇ. ಮೊದ್ಲೇ ನೋಟಿಸ್ ಕೊಟ್ಟಿದ್ರು, ಡೇಟಾ ತಗೊಂಡೋರು ಬೇರೆ ಕಡೆ ಹೋದ್ರು.

ಸ್ವಂತದ್ದಾದ್ರೆ ಈ ಭಯ ಇಲ್ಲ ಅಂತ ಕೆಲವರು ಹೇಳ್ತಾರೆ, ಅದು ಅರ್ಧ ಮಾತ್ರ ನಿಜ. ಮಜೆಂಟೋ 1 ಅನ್ನೋ ಸ್ವಂತ ಇನ್‌ಸ್ಟಾಲ್ ಮಾಡೋ ಸಾಫ್ಟ್‌ವೇರಿಗೆ 2020ರ ಜೂನಲ್ಲಿ ಸಪೋರ್ಟ್ ನಿಂತುಹೋಯ್ತು. ಸೈಟುಗಳು ಓಡ್ತಾನೇ ಇದ್ವು, ಸೆಕ್ಯುರಿಟಿ ಅಪ್‌ಡೇಟ್ ಮಾತ್ರ ಬಂದ್. ಹೊಸ ಮಜೆಂಟೋ 2ಗೆ ಹೋಗೋದು ಅಂದ್ರೆ ಪೂರ್ತಿ ಹೊಸದಾಗಿ ಕಟ್ಟಿದಷ್ಟು ಕೆಲಸ ಇತ್ತು. ಅಂದ ಹಾಗೆ ಹಪ್ಪಳ ಉಪ್ಪಿನಕಾಯಿ ಅಂಗಡಿಗೆ ಯಾರಾದ್ರೂ ಮಜೆಂಟೋ ಹಾಕೋಣ ಅಂದ್ರೆ ಬೇಡ ಅನ್ನಿ. ಅದು ದೊಡ್ಡ ದೊಡ್ಡ ಕಂಪನಿಗಳ ಸಾಮಾನು, ಸಾಧಾರಣ ಹೋಸ್ಟಿಂಗಲ್ಲಿ ಉಸಿರೇ ಬಿಡಲ್ಲ.

ಎರಡರಲ್ಲೂ ಉಪಾಯ ಒಂದೇ, ತಿಂಗಳಿಗೊಮ್ಮೆ ಪ್ರಾಡಕ್ಟ್, ಗಿರಾಕಿ, ಆರ್ಡರ್ ಮೂರರದ್ದೂ ಸಿಎಸ್‌ವಿ ಫೈಲ್ (ಎಕ್ಸೆಲಲ್ಲಿ ತೆರೆಯೋ ಪಟ್ಟಿ) ಇಳಿಸ್ಕೊಂಡು ನಿಮ್ಮ ಕಂಪ್ಯೂಟರಲ್ಲೋ ಪೆನ್‌ಡ್ರೈವಲ್ಲೋ ಇಡಿ. ಫೋಟೋಗಳ ಒರಿಜಿನಲ್ಲೂ ನಿಮ್ಮ ಹತ್ರಾನೇ ಇರ್ಲಿ.

ಈಗ ಹೋಸ್ಟೆಡ್, ಎರಡು ವರ್ಷ ಬಿಟ್ಟು ಸ್ವಂತದ್ದು, ಹಂಗೆ ಬದಲಾಯಿಸ್ಬೋದಾ?

ಬದಲಾಯಿಸ್ಬೋದು, ನಾನು ಹೆಚ್ಚಿನೋರಿಗೆ ಹೇಳೋ ದಾರಿನೂ ಅದೇ. ಎಂತ ಬರತ್ತೆ ಎಂತ ಬರಲ್ಲ ಗೊತ್ತಿದ್ರೆ ಸಾಕು. ಪ್ರಾಡಕ್ಟ್ ಪಟ್ಟಿ, ಗಿರಾಕಿಗಳ ವಿಳಾಸ, ಹಳೇ ಆರ್ಡರ್ ಬರತ್ತೆ. ಥೀಮು ಬರಲ್ಲ, ಶಾಪಿಫೈ ಥೀಮ್ ಲಿಕ್ವಿಡ್ ಅನ್ನೋ ಭಾಷೇಲಿರತ್ತೆ, ವರ್ಡ್‌ಪ್ರೆಸ್ಸಿಗೆ ಅದು ಅರ್ಥ ಆಗಲ್ಲ. ಗಿರಾಕಿಗಳ ಪಾಸ್‌ವರ್ಡ್ ಬರಲ್ಲ, ಅವರು ಹೊಸದಾಗಿ ಇಟ್ಕೋಬೇಕು. ಆ್ಯಪ್ ಒಳಗಿದ್ದ ರಿವ್ಯೂ, ಪಾಯಿಂಟ್ಸ್ ಎಲ್ಲಾ ಆ ಆ್ಯಪ್ ಎಕ್ಸ್‌ಪೋರ್ಟ್ ಕೊಟ್ರೆ ಉಂಟು, ಇಲ್ಲಾ ಇಲ್ಲ.

ಎಲ್ರೂ ಮರೆಯೋದು ಲಿಂಕು. ಶಾಪಿಫೈಲಿ ಪ್ರಾಡಕ್ಟ್ ವಿಳಾಸದ ರೂಪ ಅವರು ಇಟ್ಟ ಹಾಗೇ ಇರ್ಬೇಕು, ವೂಕಾಮರ್ಸಲ್ಲಿ ಬೇರೆ ಥರ ಇರತ್ತೆ. ಹಳೇ ಲಿಂಕಿಂದ ಹೊಸ ಲಿಂಕಿಗೆ 301 ರೀಡೈರೆಕ್ಟ್ ಒಂದೊಂದಕ್ಕೂ ಹಾಕಿಸಿ. ಹಾಕ್ಲಿಲ್ಲ ಅಂದ್ರೆ ಗೂಗಲಲ್ಲಿ ಸಂಪಾದಿಸಿದ ಜಾಗ ಹೋಗತ್ತೆ, ಯಾರೋ ವಾಟ್ಸಾಪ್ ಗ್ರೂಪಲ್ಲಿ ಹಂಚಿದ ಹಳೇ ಲಿಂಕ್ ಒತ್ತಿದ್ರೆ ಪುಟ ಸಿಗಲ್ಲ ಅಂತ ಬರತ್ತೆ. ಬದಲಾವಣೆ ಕೆಲಸ ದೀಪಾವಳಿ ಹತ್ರ ಇಟ್ಕೊಳ್ಬೇಡಿ.

ಡೊಮೈನ್ ಯಾರ ಹೆಸರಲ್ಲಿ ಇರ್ಬೇಕು?

ನಿಮ್ಮ ಹೆಸರಲ್ಲಿ, ನಿಮ್ಮ ಈಮೇಲಲ್ಲಿ, ನಿಮ್ಮ ಫೋನ್ ನಂಬರಲ್ಲಿ. ಇದೊಂದನ್ನ ಗಟ್ಟಿಯಾಗಿ ಹಿಡ್ಕೊಳ್ಳಿ. ಸೈಟ್ ಮಾಡ್ಕೊಡೋ ಏಜೆನ್ಸಿಯವರು "ಅದೆಲ್ಲಾ ನಾವೇ ನೋಡ್ಕೋತೀವಿ" ಅಂತ ತಮ್ಮ ಅಕೌಂಟಲ್ಲಿ ತಗೊಂಡಿರ್ತಾರೆ, ಆಮೇಲೆ ಅವರ ಜೊತೆ ಮನಸ್ತಾಪ ಆಯ್ತು ಅಂದ್ರೆ ಅಂಗಡಿ ಹೆಸರೇ ಕೈಬಿಟ್ಟುಹೋಗತ್ತೆ. ಪ್ಲಾಟ್‌ಫಾರ್ಮ್ ಬದಲಾಯಿಸ್ಬೋದು, ಥೀಮ್ ಬದಲಾಯಿಸ್ಬೋದು, ಡಬ್ಬಿ ಮೇಲೆ ಪ್ರಿಂಟ್ ಆಗಿರೋ, ಜನ ನೆನಪಿಟ್ಕೊಂಡಿರೋ ಹೆಸರು ಬದಲಾಯಿಸಕ್ಕಾಗಲ್ಲ. ಐದು ವರ್ಷಕ್ಕೆ ಒಟ್ಟಿಗೆ ಕಟ್ಟಿ, ಆಟೋ ರಿನೀವಲ್ ಹಾಕಿ, ಆ ಕಾರ್ಡ್ ಅವಧಿ ಯಾವಾಗ ಮುಗಿಯತ್ತೆ ಅಂತ ಕ್ಯಾಲೆಂಡರಲ್ಲಿ ಗುರುತು ಹಾಕ್ಕೊಳ್ಳಿ. ಹೋಸ್ಟೆಡ್ ಕಂಪನಿ ಪುಕ್ಕಟೆ ಕೊಡೋ ಅವರದೇ ಹೆಸರಿನ ಉಪವಿಳಾಸವನ್ನ ಲೇಬಲ್ ಮೇಲೆ ಪ್ರಿಂಟ್ ಮಾಡಿಸ್ಬೇಡಿ.

ಅಂಗಡಿ ಕನ್ನಡದಲ್ಲಿ ಮಾಡಕ್ಕಾಗತ್ತಾ?

ಆಗತ್ತೆ, ಮಾಡಿ ಮಾರಾಯ್ರೆ, ನಮ್ಮ ಗಿರಾಕಿ ಅರ್ಧಕ್ಕಿಂತ ಹೆಚ್ಚು ಊರು ಬಿಟ್ಟು ಹೋದ ನಮ್ಮವರೇ. ಎರಡೂ ಕಡೆ ಬಟನ್ ಮೇಲಿನ ಪದಗಳನ್ನ ಕನ್ನಡಕ್ಕೆ ಬದಲಾಯಿಸ್ಬೋದು. ಈ ವಿಷಯದಲ್ಲಿ ಸ್ವಂತ ಸೈಟಿಗೆ ಒಂದು ತೂಕ ಹೆಚ್ಚು, ಎಲ್ಲಾ ಕಡೆ ಕೈ ಹಾಕ್ಬೋದು. ಆದ್ರೆ ಮೂರು ತೊಡಕು ಗೊತ್ತಿರ್ಲಿ.

ಪ್ರಾಡಕ್ಟ್ ಹೆಸರು ಕನ್ನಡದಲ್ಲಿ ಬರೆದ್ರೆ ವರ್ಡ್‌ಪ್ರೆಸ್ ಲಿಂಕನ್ನೂ ಕನ್ನಡದಲ್ಲೇ ಮಾಡತ್ತೆ, ಅದನ್ನ ಕಾಪಿ ಮಾಡಿ ವಾಟ್ಸಾಪಲ್ಲಿ ಹಾಕಿದ್ರೆ ಶೇಕಡಾ ಚಿಹ್ನೆ ತುಂಬಿದ ಉದ್ದದ ಸಾಲು ಆಗಿಬಿಡಬಹುದು. ಒಂದು ಕನ್ನಡ ಅಕ್ಷರ ಅಲ್ಲಿ ಒಂಬತ್ತು ಅಕ್ಷರದ ಜಾಗ ತಿನ್ನತ್ತೆ, ಒತ್ತು ಕಾಗುಣಿತ ಬಂದ್ರೆ ಇನ್ನೂ ಹೆಚ್ಚು, ವರ್ಡ್‌ಪ್ರೆಸ್ಸಲ್ಲಿ ಜಾಗ ಇರೋದು 200, ಉದ್ದ ಹೆಸರು ಮಧ್ಯದಲ್ಲೇ ತುಂಡಾಗತ್ತೆ. ಅದಕ್ಕೆ ಲಿಂಕ್ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಬರೀರಿ.

ಇನ್‌ವಾಯ್ಸ್ ಪಿಡಿಎಫಲ್ಲಿ ಕನ್ನಡ ಒಡೆಯತ್ತೆ. ಫಾಂಟ್ ಹಾಕಿದ್ರೂ ಒತ್ತಕ್ಷರ ಕೂರಲ್ಲ, ಯಾಕಂದ್ರೆ ಬಹಳಷ್ಟು ಪ್ಲಗಿನ್ ಒಳಗಿರೋ ಡಾಮ್‌ಪಿಡಿಎಫ್ ಅನ್ನೋದಕ್ಕೆ ಅಕ್ಷರ ಜೋಡಿಸೋಕೆ ಬರಲ್ಲ. ಎಂಪಿಡಿಎಫ್ ಬಳಸೋ ಪ್ಲಗಿನ್ ಹುಡುಕಿ.

ಇನ್ನೊಂದು ಹುಡುಕಾಟ. ಒಬ್ರು ಅಪ್ಪೆಮಿಡಿ ಅಂತ, ಒಬ್ರು ಅಪ್ಪೆ ಮಿಡಿ ಅಂತ, ಇನ್ನೊಬ್ರು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡ್ತಾರೆ. ಮೂರನ್ನೂ ಪ್ರಾಡಕ್ಟ್ ವಿವರಣೆಯಲ್ಲಿ ಎಲ್ಲಾದ್ರೂ ಸೇರಿಸಿ.

ಪಾರ್ಸೆಲ್ ಕಳ್ಸೋಕೆ ಯಾವ ಪ್ಲಾಟ್‌ಫಾರ್ಮ್ ಅನುಕೂಲ?

ಪ್ಲಾಟ್‌ಫಾರ್ಮಿಗಿಂತ ನಿಮ್ಮ ಪಿನ್‌ಕೋಡ್ ಮುಖ್ಯ. 577201 ಅಂದ್ರೆ ಶಿವಮೊಗ್ಗ ಪೇಟೆ, ಕೊರಿಯರಿನವರು ಬಾಗಿಲಿಗೆ ಬಂದು ತಗೊಂಡು ಹೋಗ್ತಾರೆ. 577411 ಆಗುಂಬೆ ಅಥವಾ ಹೊಸನಗರದ ಒಳಗಿನ ಹಳ್ಳಿ ಅಂದ್ರೆ ಪಿಕಪ್ ಸಿಗೋದು ಅನುಮಾನ, ಪೇಟೆಗೆ ಒಯ್ದು ಕೊಡ್ಬೇಕು ಇಲ್ಲಾ ಪೋಸ್ಟಾಫೀಸೇ ಗತಿ, ಸ್ಪೀಡ್ ಪೋಸ್ಟ್ ಎಲ್ಲಾ ಕಡೆ ಉಂಟು. ಶಿಪ್‌ರಾಕೆಟ್ ಥರ ಹಲವು ಕೊರಿಯರ್‌ಗಳನ್ನ ಒಟ್ಟುಗೂಡಿಸೋರು ಶಾಪಿಫೈ, ವೂಕಾಮರ್ಸ್ ಎರಡಕ್ಕೂ ಸೇರ್ತಾರೆ. ಅಕೌಂಟ್ ಮಾಡೋ ಮುಂಚೆ ನಿಮ್ಮ ಪಿನ್‌ಕೋಡಲ್ಲಿ ಪಿಕಪ್ ಇದೆಯಾ ನೋಡಿ.

ಹಪ್ಪಳ ಮಾರೋರು ಅಳತೆ ತೂಕ ತಿಳ್ಕೊಳ್ಳಿ. ಉದ್ದ, ಅಗಲ, ಎತ್ತರ ಸೆಂಟಿಮೀಟರಲ್ಲಿ ಗುಣಿಸಿ 5000ದಿಂದ ಭಾಗಿಸ್ತಾರೆ, ಅದು ನಿಜವಾದ ತೂಕಕ್ಕಿಂತ ಜಾಸ್ತಿ ಬಂದ್ರೆ ಅದಕ್ಕೇ ಚಾರ್ಜು. 30, 30, 20ರ ಡಬ್ಬ ಅಂದ್ರೆ 3.6 ಕಿಲೋ, ಒಳಗಿರೋ ಹಪ್ಪಳ ಒಂದೂವರೆ ಕಿಲೋ ಆದ್ರೂ. ಉಪ್ಪಿನಕಾಯಿ, ಜೋನಿಬೆಲ್ಲ, ಜೇನು ಇವು ಸೋರೋ ಸಾಮಾನು, ವಿಮಾನದಲ್ಲಿ ತಗೊಳ್ಳೋಕೆ ತಕರಾರು ಮಾಡ್ತಾರೆ, ರಸ್ತೆ ಮೇಲೆ ನಿಧಾನಕ್ಕೆ ಹೋಗತ್ತೆ ಅಂತ ಗಿರಾಕಿಗೆ ಮೊದ್ಲೇ ಹೇಳಿಬಿಡಿ. ಜೂನಿಂದ ಆಗಸ್ಟ್ ತನಕ ತಡ ಆಗ್ಬೋದು ಅಂತ ಸೈಟ್ ಮೇಲೆ ದಪ್ಪ ಅಕ್ಷರದಲ್ಲಿ ಹಾಕಿ, ಜನ ಅರ್ಥ ಮಾಡ್ಕೋತಾರೆ.

ಜಿಎಸ್‌ಟಿ ಬೇಕಾ?

ರಾಜ್ಯದೊಳಗೆ ಮಾತ್ರ ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷ ವಹಿವಾಟು ತನಕ ಕಡ್ಡಾಯ ಇಲ್ಲ. ತೆರಿಗೆ ಇರೋ ಸರಕನ್ನ ಹೊರರಾಜ್ಯಕ್ಕೆ ಕಳಿಸಿದ್ರೆ ಮಾತ್ರ ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು, ಕರಕುಶಲ ವಸ್ತುಗಳಿಗೆ ಷರತ್ತಿನ ಮೇಲೆ ವಿನಾಯಿತಿ ಇದೆ. ಸೈಟಲ್ಲಿ ಪುಣೆ, ಹೈದರಾಬಾದ್ ಪಿನ್‌ಕೋಡಿಗೆ ಆರ್ಡರ್ ತಗೊಳ್ಳೋ ಹಾಗೆ ಬಿಟ್ರೆ ಅದು ಹೊರರಾಜ್ಯವೇ. ನೋಂದಣಿ ಆಗೋ ತನಕ ಶಿಪ್ಪಿಂಗ್ ಸೆಟ್ಟಿಂಗಲ್ಲಿ ಕರ್ನಾಟಕ ಮಾತ್ರ ಇಡಿ, ಎರಡೂ ಥರದ ಪ್ಲಾಟ್‌ಫಾರ್ಮಲ್ಲಿ ಹಾಗೆ ಮಾಡ್ಬೋದು. ನಿಮ್ಮದೇ ಸಾಮಾನನ್ನ ನಿಮ್ಮದೇ ಸೈಟಲ್ಲಿ ಮಾರಿದ್ರೆ ಟಿಸಿಎಸ್ (ಮಾರಾಟದ ದುಡ್ಡಲ್ಲಿ ಮೊದ್ಲೇ ಹಿಡಿಯೋ ತೆರಿಗೆ) ಕಡಿತ ಇಲ್ಲ, ಅದು ಅಮೆಜಾನ್ ಥರದ ಮಾರ್ಕೆಟ್‌ಪ್ಲೇಸಲ್ಲಿ ಮಾರೋರಿಗೆ, 2024ರ ಜುಲೈಯಿಂದ 0.5%. ನಿಮ್ಮ ಆಡಿಟರನ್ನ ಒಂದ್ಸಲ ಕೇಳಿ.

ಸೈಟ್ ಮೇಲೆ ಕಾನೂನು ಪ್ರಕಾರ ಏನೇನು ಹಾಕ್ಬೇಕು?

ಪ್ಯಾಕೆಟ್ ಸಾಮಾನಿಗೆ ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ಎಂಆರ್‌ಪಿ, ಇವು ಲೇಬಲಲ್ಲಿ ಮಾತ್ರ ಅಲ್ಲ, 2018ರಿಂದ ಸೈಟಲ್ಲೂ ಇರ್ಬೇಕು. ತಿನ್ನೋ ಸಾಮಾನಾದ್ರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಕೊಡೋ 14 ಅಂಕಿ ನಂಬರ್. 2020ರ ಗ್ರಾಹಕ ರಕ್ಷಣಾ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ಕೇಳೋ ಒಬ್ರ ಹೆಸರು, ಫೋನು, ಈಮೇಲ್ ಹಾಕ್ಬೇಕು, ದೂರು ಬಂದ 48 ಗಂಟೆ ಒಳಗೆ ತಲುಪಿದೆ ಅನ್ಬೇಕು, ಒಂದು ತಿಂಗಳೊಳಗೆ ಬಗೆಹರಿಸ್ಬೇಕು. ಶಾಪಿಫೈ ತಗೊಂಡ್ರೆ ಇದೆಲ್ಲಾ ಅವರೇ ಮಾಡ್ತಾರೆ ಅಂದ್ಕೋಬೇಡಿ, ಈ ಜವಾಬ್ದಾರಿ ಎರಡರಲ್ಲೂ ನಿಮ್ಮದೇ.

ಅಡಿಕೆ ಆನ್‌ಲೈನಲ್ಲಿ ಮಾರ್ಬೋದಾ?

ರಾಶಿ, ಬೆಟ್ಟೆ, ಸರಕು ಥರದ ಅಡಿಕೆ ಕ್ವಿಂಟಾಲ್ ಲೆಕ್ಕದಲ್ಲಿ ಹೋಗೋದು ಮಂಡಿಗೆ, ಎಪಿಎಂಸಿಗೆ, ಅಡಿಕೆ ಮಾರಾಟದ ಸಹಕಾರ ಸಂಘ ಮ್ಯಾಮ್‌ಕೋಸಿಗೆ. ಅದಕ್ಕೆ ವೆಬ್‌ಸೈಟ್ ಬೇಡ. ಮನೆಬಳಕೆಗೆ ಕಾಲು ಕಿಲೋ ಪ್ಯಾಕೆಟ್ ಮಾಡಿ ಮಾರ್ಬೋದು. ತಂಬಾಕು ಬೆರೆತದ್ದು ಸೇರಿಸಿದ್ರೆ ಗೇಟ್‌ವೇಯವರು ಅಕೌಂಟೇ ಮುಚ್ತಾರೆ.

ನಮ್ಮ ಸ್ವಸಹಾಯ ಸಂಘದ ಹತ್ತು ಜನ ಸೇರಿ ಒಂದೇ ಅಂಗಡಿ ಮಾಡ್ಬೇಕು ಅಂತಿದೀವಿ.

ಒಳ್ಳೇ ಕೆಲಸ, ಇದಕ್ಕೆ ಹೆಚ್ಚು ಯೋಚ್ನೆ ಬೇಕು. ಒಬ್ಬೊಬ್ರಿಗೂ ಬೇರೆ ಲಾಗಿನ್, ಬೇರೆ ಲೆಕ್ಕ ಕೊಡೋ ಡೋಕಾನ್ ಥರದ ಪ್ಲಗಿನ್ ವೂಕಾಮರ್ಸಲ್ಲಿದೆ, ಮೇಲ್ನೋಟಕ್ಕೆ ಅದೇ ಸರಿ ಅನ್ಸತ್ತೆ. ಆದ್ರೆ ಹತ್ತು ಜನ ಮಾರೋರ ದುಡ್ಡು ನೀವು ಸಂಗ್ರಹಿಸಿ ಹಂಚೋದು ಅಂದ್ರೆ ಕಾನೂನಿನ ಕಣ್ಣಲ್ಲಿ ನೀವು ಮಾರ್ಕೆಟ್‌ಪ್ಲೇಸ್ ನಡ್ಸೋರು, ಟಿಸಿಎಸ್ ಹಿಡಿಯೋದು, ರಿಟರ್ನ್ ಹಾಕೋದು ಎಲ್ಲಾ ಮೇಲೆ ಬೀಳತ್ತೆ. ಸಂಘವೇ ಸದಸ್ಯರಿಂದ ಸಾಮಾನು ಕೊಂಡು, ಅವರಿಗೆ ಅಲ್ಲೇ ದುಡ್ಡು ಕೊಟ್ಟು, ಸಂಘದ ಹೆಸರಲ್ಲಿ ಮಾರೋದು ಎಷ್ಟೋ ಸರಳ. ಆಗ ಸಾಧಾರಣ ಹೋಸ್ಟೆಡ್ ಅಂಗಡಿ ಸಾಕು. ಯಾವ ಮನೆಯ ಉಪ್ಪಿನಕಾಯಿ ಅಂತ ವಿವರಣೆಯಲ್ಲಿ ಬರೀರಿ, ಅವರಿಗೂ ಹೆಮ್ಮೆ.

ಸಂಘದಲ್ಲಿ ಇನ್ನೊಂದು ಸಮಸ್ಯೆ ಪಾಸ್‌ವರ್ಡ್. ಪದಾಧಿಕಾರಿಗಳು ಬದಲಾದಾಗ ಹಳಬರ ಫೋನಿಗೇ ಓಟಿಪಿ ಹೋಗ್ತಿರತ್ತೆ. ಸಂಘಕ್ಕೇ ಒಂದು ಸಿಮ್, ಒಂದು ಈಮೇಲ್ ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆದಿಡಿ.

ಸೈಟ್ ಮಾಡ್ಕೊಡೋರ ಹತ್ರ ಮೊದ್ಲೇ ಏನು ಕೇಳ್ಬೇಕು?

ಅಡ್ಮಿನ್ ಲಾಗಿನ್ ನನಗೂ ಕೊಡ್ತೀರಾ? ಹೋಸ್ಟಿಂಗ್ ಯಾರ ಹೆಸರಲ್ಲಿ? ಥೀಮು, ಪ್ಲಗಿನ್‌ಗಳು ಕೊಂಡಿದ್ದಾ, ಎಲ್ಲಿಂದಲೋ ಇಳಿಸಿದ ನಕಲಿಯಾ? ನಕಲಿ ಪ್ಲಗಿನ್ನಲ್ಲಿ ಕಳ್ಳ ಕೋಡ್ ಸೇರಿಸಿರ್ತಾರೆ, ಅಪ್‌ಡೇಟೂ ಬರಲ್ಲ. ಒಂದು ವರ್ಷ ಆದ್ಮೇಲೆ ನೋಡ್ಕೊಳ್ಳೋಕೆ ತಿಂಗಳಿಗೆ ಎಷ್ಟು, ಸೈಟ್ ಬಿದ್ರೆ ಎಷ್ಟು ಗಂಟೆ ಒಳಗೆ ನೋಡ್ತೀರಿ? ಇದನ್ನೆಲ್ಲ ಬಾಯಲ್ಲಿ ಬೇಡ, ವಾಟ್ಸಾಪಲ್ಲಾದ್ರೂ ಬರವಣಿಗೆಯಲ್ಲಿ ತಗೊಳ್ಳಿ. ಉತ್ತರ ಕೊಡೋಕೆ ಹಿಂದೆಮುಂದೆ ನೋಡಿದ್ರೆ ಬೇರೆಯವರನ್ನ ಹುಡುಕಿ.

ದುಡ್ಡು ಕಟ್ಟೋ ಮುಂಚೆ ಪರೀಕ್ಷೆ ಮಾಡೋದು ಹೇಗೆ?

ಹೋಸ್ಟೆಡ್‌ಗಳಲ್ಲಿ ಕೆಲವು ದಿನ ಟ್ರಯಲ್ ಇರತ್ತೆ. ಐದು ಸಾಮಾನು ಮಾತ್ರ ಹಾಕಿ, ಫೋಟೋ ಮನೆ ಅಂಗಳದ ಬೆಳಕಲ್ಲೇ ತೆಗೀರಿ. ಆಮೇಲೆ ಲಿಂಕನ್ನ ಮನೆಯ ಹಿರಿಯರೊಬ್ರಿಗೆ, ಅವರದೇ ಹಳೇ ಫೋನಲ್ಲಿ, ಊರಿನ ನೆಟ್‌ವರ್ಕಲ್ಲೇ ತೆರೆಯೋಕೆ ಕೊಡಿ, ನೀವು ಬಾಯಿ ಮುಚ್ಕೊಂಡು ಪಕ್ಕದಲ್ಲಿ ಕೂತ್ಕೊಳ್ಳಿ. ಎಲ್ಲಿ ನಿಂತ್ರು, ಎಲ್ಲಿ ಹಿಂದೆ ಹೋದ್ರು, ವಿಳಾಸ ತುಂಬೋವಾಗ ಎಂತ ಅರ್ಥ ಆಗ್ಲಿಲ್ಲ ಅಂತ ಬರ್ಕೊಳ್ಳಿ. ಒಂದು ಆರ್ಡರಿಗೆ ನಿಜವಾದ ದುಡ್ಡು ಕಟ್ಟಿಸಿ, ಅದು ನಿಮ್ಮ ಬ್ಯಾಂಕಿಗೆ ಎಷ್ಟು ದಿನಕ್ಕೆ, ಎಷ್ಟು ಕಡಿತ ಆಗಿ ಬಂತು ನೋಡಿ, ಆಮೇಲೆ ಅದನ್ನ ರಿಫಂಡ್ ಮಾಡಿಯೂ ನೋಡಿ. ಕೊನೆಗೆ ಎಕ್ಸ್‌ಪೋರ್ಟ್ ಬಟನ್ ಒತ್ತಿ, ಇಳಿದ ಫೈಲಲ್ಲಿ ಕನ್ನಡ ಸರಿಯಾಗಿ ಕಾಣ್ತಿದೆಯಾ ನೋಡ್ಕೊಂಡು ವರ್ಷದ ಪ್ಲಾನ್ ತಗೊಳ್ಳಿ.